ನನ್ನ ಹೊಟ್ಟೆ, ಅಣ್ಣನ ಫೋನು

ಹೊಟ್ಟೆಯ ಕೊಬ್ಬು ಕರಗಿಸಲು ನಾನು ಮಷೀನು ಹಚ್ಚಿಸಿಕೊಂಡಿದ್ದೇನೆ. ನಾನೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬಳಗದವರು ಇದನ್ನು ಪಿಸುಗುಟ್ಟಿ ಪಿಸುಗುಟ್ಟಿ ದಣಿದಿದ್ದಾರೆ. ಗಂಡನನ್ನು ಕಳೆದುಕೊಂಡ, ಔರಾದಿನ ಶಾಲೆಯಲ್ಲಿ ಗಣಿತ ಕಲಿಸುವ, ಐವತ್ತರ ಹತ್ತಿರದ ಹೆಂಗಸು ಇಂಥದ್ದು ಮಾಡಿಸಿಕೊಂಡರೆ ಅದು ಸುದ್ದಿಯೇ. ಆಗಲಿ ಬಿಡಿ.

ಎರಡು ಹೆರಿಗೆಯೂ ಆಪರೇಶನ್. ಹೊಕ್ಕುಳ ಕೆಳಗೆ ಕೊಬ್ಬಿನ ಒಂದು ಮಡಿಕೆ ಉಳಿದುಕೊಂಡಿತ್ತು. ಮುಂಜಾನೆ ನಡೆದೆ, ರಾತ್ರಿ ಅನ್ನ ಬಿಟ್ಟೆ. ಮುಖ ಇಳಿಯಿತು, ತೋಳು ಇಳಿಯಿತು, ಕುಬಸಗಳೆಲ್ಲ ಸಡಿಲಾದವು. ಆ ಮಡಿಕೆ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ಇನ್ನೊಂದು ಕೈ ಸೆರಗಿಗೆ ಹೋಗುತ್ತಿತ್ತು. ಯಾರೂ ಏನೂ ಅಂದಿರಲಿಲ್ಲ. ನನಗೇ ಅದು ಬೇಡವಾಗಿತ್ತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ, ಇರಬೇಕಾಗಿಯೂ ಇಲ್ಲ.

ಬೀದರದ ನೌಬಾದ ಕಡೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಸುಮ್ಮನೆ ಆಸೆ ಹಚ್ಚಲಿಲ್ಲ. "ಇದು ತೂಕ ಇಳಿಸೋದಲ್ರಿ. ಕೊಯ್ಯೋದೂ ಇಲ್ಲ. ಆ ಜಾಗಾದ ಕೊಬ್ಬು ಥಂಡಿ ಮಾಡ್ತೀವಿ, ಎರಡು ಮೂರು ತಿಂಗಳದಾಗ ನಿಧಾನಕ್ಕ ಕಮ್ಮಿ ಆಗ್ತದ. ಪೂರಾ ಹೋಗ್ತದಂತ ನಾ ಹೇಳಂಗಿಲ್ಲ," ಅಂದರು. ಮೊದಲು ಬಲಗಡೆ, ಕೆಲವು ವಾರ ಬಿಟ್ಟು ಎಡಗಡೆ ಎಂದು ನಿಗದಿಯಾಯಿತು. ಜೆಲ್ ಹಚ್ಚಿದ ಬಟ್ಟೆ ಹಾಸಿ ಮೇಲೆ ಬಟ್ಟಲಿನಂಥದ್ದನ್ನು ಒತ್ತಿದರು. ಅದು ಮಡಿಕೆಯನ್ನು ಒಳಗೆಳೆದುಕೊಂಡಿತು. ಮೊದಲು ಕೊರೆಯುವ ಚಳಿ, ಆಮೇಲೆ ಏನೂ ಇಲ್ಲ. ತೆಗೆದಾಗ ಚರ್ಮ ಕೆಂಪಗಾಗಿ ಮರಗಟ್ಟಿತ್ತು. "ಕೆಲವು ವಾರ ಅಲ್ಲಿ ಮುಟ್ಟಿದ್ರ ತಿಳಿಯಂಗಿಲ್ಲ. ಬಿಸಿ ಮಾತ್ರ ತಾಗಿಸಬ್ಯಾಡ್ರಿ," ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಅಲ್ಲಿಂದ ಬಸ್ಸು ಹಿಡಿದು ಭಾಲ್ಕಿಗೆ, ಅಣ್ಣನ ಮನೆಗೆ ಹೋದೆ. ಅವ್ವ ಅಲ್ಲೇ ಇರುತ್ತಾಳೆ. ಸೀರೆ ಬದಲಿಸುವಾಗ ಅಣ್ಣನ ಹೆಂಡತಿ, ನಮ್ಮ ವೈನಿ, ಹೊಟ್ಟೆಯ ಕೆಂಪು ನೋಡಿದಳು. ಇದ್ದದ್ದು ಇದ್ದಹಾಗೆ ಹೇಳಿದೆ.

"ಅಯ್ಯ, ಈಗ ಯಾರಿಗಿ ತೋರ್ಸೋದದ?" ಅಂದಳು.

ಮೈಯೆಲ್ಲ ಉರಿದುಹೋಯಿತು. "ಗಂಡ ಹೋದ ಅಂದ್ರ ನನ್ನ ಹೊಟ್ಟೀನೂ ಹೋತೇನ್ ವೈನಿ?" ಎಂದು ಕೇಳಿ, ಉಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟೆ.

ಈ ಮಾತುಗಳಲ್ಲಿ ಅವ್ವನ ಕಿವಿಗೆ ಬಿದ್ದದ್ದು ಒಂದೇ: ಮಗಳ ಹೊಟ್ಟೆಗೆ ಥಂಡಿ ಹೊಕ್ಕಿದೆ. ಬಾಣಂತಿಯರ ಹೊಟ್ಟೆಗೆ ಗಾಳಿ ಸೋಕದಂತೆ ಬಿಗಿದು ಕಟ್ಟಿ, ಶಾಖ ಕೊಟ್ಟು ಪಳಗಿದ ಕೈ ಅವಳದು. ಹಂಚಿನ ಮೇಲೆ ಉಪ್ಪು ಹುರಿದಳು, ಬಟ್ಟೆಯಲ್ಲಿ ಗಂಟು ಕಟ್ಟಿದಳು, ನಾನು ನಿದ್ದೆಯಲ್ಲಿದ್ದಾಗ ಅದೇ ಕೆಂಪಿನ ಮೇಲೆ ಇಟ್ಟು ಇಟ್ಟು ತೆಗೆದಳು. ಬೇರೆ ದಿನವಾಗಿದ್ದರೆ ಕಿರುಚಿ ಏಳುತ್ತಿದ್ದೆ. ಅಂದು ಚರ್ಮಕ್ಕೆ ಏನೂ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಅವ್ವ ತಲೆ ಸವರುತ್ತ ಕೂತಿದ್ದಳು, ಹೊಟ್ಟೆಯ ಮೇಲೆ ಬೊಬ್ಬೆಗಳು ಎದ್ದಿದ್ದವು.

ಬಳಗದ ತುಂಬ ಹೋದ ಸುದ್ದಿಯೇ ಬೇರೆ: ಮಷೀನು ಸುಟ್ಟಿತು. ಉಪ್ಪಿನ ಗಂಟಿನ ಮಾತು ಯಾರ ಬಾಯಲ್ಲೂ ಇಲ್ಲ. ಅವ್ವ ಮೂಲೆ ಹಿಡಿದು ಕೂತಿದ್ದಳು. ಅವಳ ಮೇಲೆ ಬರಬಾರದೆಂದು ನಾನೂ ಬಾಯಿ ಬಿಡಲಿಲ್ಲ. ಮಷೀನು ಸುಟ್ಟಿತು ಎಂಬುದನ್ನೇ ಅಣ್ಣ ಹಿಡಿದುಕೊಂಡ.

"ಆದದ್ದು ಸಾಕು. ಇನ್ನೊಮ್ಮಿ ಹೋಗೋದು ಬ್ಯಾಡ. ಯಾರಿಗಿ ಈ ಸಿಂಗಾರ ಅಂತ ಮಂದಿ ಕೇಳ್ಲತ್ತಾರ."

"ನೀ ತಪ್ಪದಂಗ ತಲಿಗಿ ಬಣ್ಣ ಹಚ್ಕೋತಿ. ಅದು ಯಾರಿಗಿ ಅಣ್ಣಾ?"

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಮಾತು ಮುಗಿಯಿತೆಂದು ನಾನು ತಿಳಿದೆ.

ಗಾಯ ಪೂರ್ತಿ ಮಾದ ಮೇಲೆ, ಶಾಲೆಗೆ ರಜೆ ಹಾಕಿ ಬೀದರಕ್ಕೆ ಹೋದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ನನ್ನನ್ನು ನೋಡಿ ತಡಬಡಿಸಿದಳು. "ನಿಮ್ಮ ಅಣ್ಣಾರು ಫೋನ್ ಮಾಡಿ ಕ್ಯಾನ್ಸಲ್ ಮಾಡಿಸ್ಯಾರಲ್ರಿ ಮೇಡಂ. ಮನ್ಯಾಗ ಬ್ಯಾಡಂದಾರಂತ."

ಒಬ್ಬಳೇ ದುಡಿದು ಇಬ್ಬರು ಮಕ್ಕಳನ್ನು ಓದಿಸಿದವಳು ನಾನು. ನನ್ನ ಹೊಟ್ಟೆಯ ಮಾತು ತೀರ್ಮಾನವಾಗಲು ಒಬ್ಬ ಗಂಡಸಿನ ಒಂದು ಫೋನು ಸಾಕಾಗಿತ್ತು.

"ಹೊಟ್ಟಿ ಅಣ್ಣಂದಿದ್ರ ಕ್ಯಾನ್ಸಲ್ ಮಾಡ್ರಿ. ನಂದಿದ್ರ ಹೆಸರು ಬರ್ಕೋರಿ," ಎಂದು ಕುರ್ಚಿ ಎಳೆದು ಅವಳೆದುರಿಗೇ ಕೂತೆ. ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ದನಿ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. "ನಿಮಗ ಬೇಕೇನ್ರಿ?" ಎಂದು ಅಷ್ಟೇ ಕೇಳಿದರು. ಬೇಕು ಅಂದೆ. ಬಲಗಡೆಯ ಸುಟ್ಟ ಕಲೆಯನ್ನು ಚೆನ್ನಾಗಿ ನೋಡಿ, ಅದನ್ನು ಮುಟ್ಟದೆ, ಎಡಗಡೆ ಮಷೀನು ಹಚ್ಚಿದರು.

ಚಳಿ ಕೊರೆಯುತ್ತಿರುವಾಗಲೇ ಅಣ್ಣನ ಫೋನು ಬಂತು.

"ಎಲ್ಲಿದ್ದಿ?"

"ನೀ ಕ್ಯಾನ್ಸಲ್ ಮಾಡಿಸಿದ ಜಾಗಾದಾಗ. ಮಷೀನ್ ಹಚ್ಯಾರ."

ಆ ಕಡೆ ಯಾರೋ ಫೋನು ಕಸಿದುಕೊಂಡಂತಾಯಿತು; ಬಳೆ ಸದ್ದಿರಲಿಲ್ಲ, ಅಂದರೆ ವೈನಿಯಲ್ಲ. ಅವ್ವ. ಅವಳು ಮೊದಲು ಮಾತಾಡಿದ್ದು ನನ್ನ ಜೊತೆಗಲ್ಲ, ಅಣ್ಣನ ಜೊತೆಗೆ.

"ಆಕಿಗಿ ಸುಟ್ಟಾಕಿ ನಾನು, ಮಷೀನ್ ಅಲ್ಲ. ಕೇಳಿದ ಮಂದಿಗಿ ಹಂಗೇ ಹೇಳು."

ಆಮೇಲೆ ನನಗೆ ಹೇಳಿದಳು: "ಮುಗಿದ ಮ್ಯಾಲ ಸೀದಾ ಇಲ್ಲಿಗಿ ಬಾ. ಈ ಸಲ ನಾ ಕೈ ಹಚ್ಚಂಗಿಲ್ಲ, ಯಾರಿಗೂ ಒಂದು ಮಾತು ಆಡ್ಲಾಕ ಬಿಡಂಗಿಲ್ಲ."