ಸೀರೆ ಅಂಗಡಿಯ ಮೆಟ್ಟಿಲು

ಹೊಸ ಸೀರೆಯ ಮಡಿಕೆ ಬಿಚ್ಚಿದಾಗ ಏಳುವ ಗಂಜಿಯ ವಾಸನೆ ನಿಮಗೆ ಮದುವೆಯನ್ನೋ ಹಬ್ಬವನ್ನೋ ನೆನಪಿಸಬಹುದು. ನನಗೆ ಬಾಯಾರಿಕೆಯಾಗುತ್ತದೆ. ಕಳೆದ ವಾರ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಅಂಥದ್ದೊಂದು ಸೀರೆಯ ಮಡಿಕೆ ಬಿಚ್ಚುತ್ತ ಕೂತಿದ್ದೆ. ತಮ್ಮನ ಮಗಳು, ಎಂ.ಎ. ಓದುವ ಅನುಷಾ, ಪಕ್ಕದಲ್ಲಿ ಮಹಿಳಾ ಚಳವಳಿಯ ಬಗ್ಗೆ ಏನೋ ಬರೆಯುತ್ತಿದ್ದಳು. ಇಣುಕಿ ನೋಡಿದೆ. ಎಂಬತ್ತರ ದಶಕದ ಮೆರವಣಿಗೆ, ಧರಣಿಗಳೆಲ್ಲ ಇದ್ದವು. ಅಲ್ಲಿಂದ ಒಂದೇ ನೆಗೆತಕ್ಕೆ ಸ್ಮಾರ್ಟ್‌ಫೋನಿನ ಕಾಲಕ್ಕೆ ಬಂದಿದ್ದಳು.

"ಮಧ್ಯದ ಇಪ್ಪತ್ತು ವರ್ಷ ಎಲ್ಲೋಯ್ತು ಕಣೇ?" ಎಂದೆ.

"ಆಗ ಅಂಥಾದ್ದೇನೂ ನಡೆದಂಗಿಲ್ಲ ಅತ್ತೆ. ಪುಸ್ತಕದಲ್ಲಿ ಏನೂ ಸಿಗ್ತಿಲ್ಲ."

ಪುಸ್ತಕದಲ್ಲಿ ಸಿಗುವುದು ಕಷ್ಟವೇ. ತೊಂಬತ್ತರ ದಶಕದ ಕೊನೆಯಲ್ಲಿ, ಬ್ಯಾಂಕ್ ಕೆಲಸ ಸಿಗುವ ಮೊದಲು, ನಾನು ದೇವರಾಜ ಮೊಹಲ್ಲಾದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದೆ. ಬಿ.ಕಾಂ. ಮುಗಿಸಿದವಳೆಂಬ ಜಂಬ ಬೇರೆ. ಇಂಗ್ಲಿಷಿನಲ್ಲಿ 'ಕಾಂಟ್ರಾಸ್ಟ್ ಬಾರ್ಡರ್' ಎನ್ನಲು ಬರುತ್ತಿದ್ದವಳು ನಾನೊಬ್ಬಳೇ. ಸೀರೆ ಮಾತ್ರ ನನಗಿಂತ ಮಹಾದೇವಮ್ಮನ ಕೈಯಿಂದಲೇ ಹೆಚ್ಚು ಹೋಗುತ್ತಿತ್ತು. ನಂಜನಗೂಡಿನ ಕಡೆಯಿಂದ ಬಂದು ಉದಯಗಿರಿಯಲ್ಲಿ ಬಾಡಿಗೆಗಿದ್ದ ಆಕೆಗೆ ಆಗ ನಲವತ್ತು ದಾಟಿತ್ತು.

ಅಂಗಡಿಯ ಹಿಂದೆ ಒಂದು ಟಾಯ್ಲೆಟ್ ಇತ್ತು, ಗಂಡಸರಿಗೆ. ಹೆಂಗಸರು "ಮನೆಯಲ್ಲೇ ಮುಗಿಸಿಕೊಂಡು" ಬರಬೇಕೆಂಬುದು ಯಜಮಾನರ ಪದ್ಧತಿ. ಕೆಟ್ಟ ಮನುಷ್ಯರಲ್ಲ, ಹಬ್ಬಕ್ಕೆ ಎಲ್ಲರಿಗೂ ಸೀರೆ ಕೊಡುತ್ತಿದ್ದರು. ಇದೊಂದು ವಿಷಯ ಅವರ ತಲೆಗೆ ಹೊಳೆದೇ ಇರಲಿಲ್ಲ, ಅಷ್ಟೆ. ಹಾಗಾಗಿ ನಾವು ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಬಾಯಿ ಒಣಗಿದರೆ ಒಂದು ಏಲಕ್ಕಿ ಕಚ್ಚಿಕೊಳ್ಳುವುದು.

ಮದುವೆಗಳ ಕಾಲದಲ್ಲಿ ಒಂದು ದಿನ ನಮ್ಮ ಪೈಕಿ ಚಿಕ್ಕವಳಾದ ಶಶಿ ಜ್ವರ ಬಂದು ನಡುಗತೊಡಗಿದಳು. ನಾನೂ ಮಹಾದೇವಮ್ಮನೂ ಅವಳನ್ನು ಡಾಕ್ಟರ ಬಳಿ ಕರೆದೊಯ್ದೆವು. ಮೂತ್ರದ ಸೋಂಕು, ಚೆನ್ನಾಗಿ ನೀರು ಕುಡಿಯಬೇಕು ಎಂದರು.

"ಕುಡಿದ್ರೆ ಓಗದು ಎಲ್ಲಿಗೆ ಡಾಕ್ಟ್ರೇ?" ಎಂದು ಕೇಳಿದರು ಮಹಾದೇವಮ್ಮ. ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು. ಆಮೇಲೆ ಮಾತ್ರೆ ಬರೆದುಕೊಟ್ಟರು.

ಒಂದು ವಾರ ಕಳೆದು ಶಶಿ ಕೆಲಸಕ್ಕೆ ಮರಳಿದ ದಿನ ನಾನು ಹೋಗುವಷ್ಟರಲ್ಲಿ ಹೆಂಗಸರೆಲ್ಲ, ಟಾಯ್ಲೆಟ್ ಕೊಡುವವರೆಗೆ ಒಳಗೆ ಬರುವುದಿಲ್ಲವೆಂದು, ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಮಹಾದೇವಮ್ಮ ಸ್ವಲ್ಪ ಸರಿದು ಜಾಗ ಮಾಡಿದರು. "ಬಾ ಕಣವ್ವ, ಕೂತ್ಕೊ."

ಕೆಲಸವಿದೆ ಎಂಬ ಒಂದೇ ನೆಪದಲ್ಲಿ ಮನೆಯಲ್ಲಿ ನನ್ನ ಮದುವೆಯ ಮಾತು ಮುಂದಕ್ಕೆ ಹೋಗುತ್ತಿತ್ತು. ಯಜಮಾನರು ನನ್ನಪ್ಪನಿಗೆ ಪರಿಚಯದವರು. "ಬ್ಯಾಗ್ ಒಳಗಿಟ್ಟು ಬರ್ತೀನಿ" ಎಂದೆ. ಒಳಗೆ ಹೋದೆ. ಬ್ಯಾಗ್ ಇಟ್ಟೆ. ಹೊರಗೆ ಬರಲಿಲ್ಲ. ಮಡಿಸಿದ್ದ ಸೀರೆಗಳನ್ನೇ ಮತ್ತೆ ಮಡಿಸುತ್ತ ನಿಂತೆ.

"ಇದೇನ್ರೀ ಮಹಾದೇವಮ್ಮ, ಗಿರಾಕಿಗಳ ಮುಂದೆ?" ಎನ್ನುವ ಯಜಮಾನರ ದನಿ ಕೇಳಿಸಿತು.

"ಗಿರಾಕಿಗಳೂ ಹೆಂಗಸ್ರೇ ಅಲ್ವ ಸ್ವಾಮಿ. ಅವ್ರಿಗೆ ಗೊತ್ತಾಯ್ತದೆ ಬುಡಿ."

ಗೊತ್ತಾಯಿತು ಕೂಡ. ಮದುವೆ ಸೀರೆಗೆಂದು ಬಂದವರು ಏನು ಎತ್ತ ಎಂದು ವಿಚಾರಿಸಿ, ಯಜಮಾನರನ್ನೊಮ್ಮೆ ನೋಡಿ, ಪಕ್ಕದ ಅಂಗಡಿಗೆ ನಡೆದರು. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಟಾಯ್ಲೆಟ್ಟಿನ ಬೀಗದಕೈ ಕೊಟ್ಟರು. ಹೆಂಗಸರಿಗೇ ಬೇರೆಯದನ್ನು ಕಟ್ಟಿಸುವ ಮಾತೂ ಆಯಿತು.

ಮಹಾದೇವಮ್ಮ ಆ ಬೀಗದಕೈಯನ್ನು ನೇರ ನನ್ನ ಹತ್ತಿರ ತಂದರು. "ತಕೋ, ಮೊದ್ಲು ನೀನು ಓಗ್ಬಾ. ಬೆಳಗಿಂದ ಒಳಗೇ ಇದ್ದೀಯ." ದನಿಯಲ್ಲಿ ಕೊಂಕಿತ್ತೇ ಎಂದು ಇವತ್ತಿಗೂ ಹುಡುಕುತ್ತೇನೆ, ಸಿಕ್ಕಿಲ್ಲ.

ಮಳೆಗಾಲಕ್ಕೆ ಮುಂಚೆ ಹೊಸ ಟಾಯ್ಲೆಟ್ ಎದ್ದಿತು. ಮುಂದಿನ ಯುಗಾದಿ ಕಳೆದ ಮೇಲೆ ಮಹಾದೇವಮ್ಮನನ್ನು ಕೆಲಸದಿಂದ ಬಿಡಿಸಿದರು, ಬೇರೆ ಏನೋ ಕಾರಣ ಹೇಳಿ. ಅವರು ಎರಡು ಬೀದಿ ಆಚೆಯ ಅಂಗಡಿಗೆ ಸೇರಿದರು. ಅಲ್ಲಿ ಮೊದಲ ದಿನವೇ "ಎಲ್ಲೈತೆ ತೋರ್ಸಿ" ಎಂದರಂತೆ. ಆ ಅಂಗಡಿಯವರೂ ಕಟ್ಟಿಸಿದರು. ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಅನುಷಾಗೆ ಇಷ್ಟನ್ನೂ ಹೇಳಿದೆ, ನನ್ನ ಬ್ಯಾಗಿನ ಸಂಗತಿಯೊಂದನ್ನು ಬಿಟ್ಟು. ಬ್ಯಾಂಕಿನ ಗೆಳತಿಯರಿಗೆ ಹೇಳುವಾಗಲೂ ಅಷ್ಟೆ, ಬಿಟ್ಟೇ ಹೇಳುತ್ತಿದ್ದೆ. "ನಾವು ಕೂತೆವು" ಎಂದು ಹೇಳಿ ಹೇಳಿ ನನಗೂ ಅರ್ಧ ನಂಬಿಕೆ ಬಂದುಬಿಟ್ಟಿತ್ತು.

ಅವಳು ಹೊಸ ಹಾಳೆ ತೆಗೆದಿದ್ದಳು. ಮಹಾದೇವಮ್ಮನ ಹೆಸರು ಬರೆದು ತಲೆಯೆತ್ತಿದಳು. "ಒಟ್ಟು ಎಷ್ಟು ಜನ ಕೂತಿದ್ರಿ ಅತ್ತೆ?"

"ಐದು ಜನ ಕೂತಿದ್ರು" ಎಂದೆ. "ಆರನೆಯವಳು ಒಳಗಿದ್ದಳು. ಅದನ್ನೂ ಬರಿ."