ಅಡುಗೆಮನೆಯ ಬಾಗಿಲಲ್ಲಿ ಟೇಪ್‌ರೆಕಾರ್ಡರು

ನಮ್ಮ ಮನೆಯಲ್ಲಿ ರಿಮೋಟುಗಳು ಎಂದೂ ಬರಿಮೈಯಲ್ಲಿ ಓಡಾಡಿದವಲ್ಲ. ಹೊಸ ಟಿವಿ ಬಂದ ದಿನ ಅದಕ್ಕೆ ಅರಿಷಿಣ ಕುಂಕುಮ ಏರಿಸುವುದಕ್ಕೂ ಮೊದಲು, ರಿಮೋಟಿಗೆ ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿ, ಸೊಂಟಕ್ಕೊಂದು ರಬ್ಬರ್ ಬ್ಯಾಂಡಿನ ಉಡಿದಾರ ಕಟ್ಟಿದರೇನೇ ನನಗೆ ಸಮಾಧಾನ. ಕಾಲ ಕಳೆದಂತೆ ಪ್ಲಾಸ್ಟಿಕ್ಕು ಮಂಜಾಗಿ, ಯಾವ ಗುಂಡಿ ಯಾವುದೆಂದು ಕಾಣದೆ, ಧ್ವನಿ ಏರಿಸಲು ಹೋಗಿ ಚಾನೆಲ್ಲು ಹಾರಿಸಿ ಬೈಸಿಕೊಂಡದ್ದುಂಟು; ಆದರೂ ಒಳಗೆ ಗುಂಡಿಗಳೆಲ್ಲ ಹೊಚ್ಚ ಹೊಸದಾಗಿ ಕೂತಿವೆ ಎಂಬ ನೆಮ್ಮದಿಯನ್ನು ನಾನು ಬಿಟ್ಟುಕೊಟ್ಟವನಲ್ಲ. ನೀವು ನಗುತ್ತಿದ್ದರೆ ನಗಿರಿ, ಆದರೆ ನಿಮ್ಮ ಮನೆಯ ರಿಮೋಟನ್ನೂ ಒಮ್ಮೆ ನೋಡಿಕೊಂಡು ಬಂದು ನಗಿರಿ.

ಹೀಗೆ ಅಂಗಿ ತೊಟ್ಟ ರಿಮೋಟುಗಳು ನಮ್ಮ ಬೈರಿದೇವರಕೊಪ್ಪದ ಮನೆಯಲ್ಲಿ ಒಂದು ಬೆತ್ತದ ಬುಟ್ಟಿ ತುಂಬುವಷ್ಟಾಗಿದ್ದವು. ಟಿವಿಯದೊಂದು, ಡಿಶ್ಶಿನದೊಂದು, ಇಂಟರ್ನೆಟ್ಟಿನ ಪೆಟ್ಟಿಗೆಯದೊಂದು, ಸ್ಪೀಕರಿನದೊಂದು. ಅದರ ಮೇಲೆ, ಯಾವುದು ಎಲ್ಲಿ ಸಿಗುತ್ತದೆ ಎಂಬ ಗೋಜಲು ಬೇರೆ. ನನ್ನ ಹೆಂಡತಿ ವತ್ಸಲಾಳ ಧಾರಾವಾಹಿ ಒಂದು ಕಡೆ, ಕ್ರಿಕೆಟ್ಟು ಇನ್ನೊಂದು ಕಡೆ, ನನ್ನ ಹಳೆಯ ನಾಟಕಗಳು ಮತ್ತೊಂದು ಕಡೆ. ಇವು ಯಾವುದರಲ್ಲೂ ಸೇರದೆ, ಮನೆಯವರ ಮದುವೆ ಮುಂಜಿಗಳ ವಿಡಿಯೋಗಳೂ ಅಪ್ಪನ ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಹಾಡುಗಳೂ ಕರಿಯ ಹಾರ್ಡ್‌ಡಿಸ್ಕೊಂದರಲ್ಲಿ, ಟಿವಿಯ ಬೆನ್ನಿಗೆ ಧೂಳು ಹಿಡಿದು ಕೂತಿದ್ದವು. ಧಾರವಾಡದ ಕಾಲೇಜೊಂದರಲ್ಲಿ ಗಣಿತ ಕಲಿಸುವ ನಮ್ಮ ಮಗಳು ವಿದ್ಯಾಗೆ ಈ ಚದುರಿದ ಸಂಸಾರ ಕಂಡರೆ ಆಗುತ್ತಿರಲಿಲ್ಲ. ಬೇಸಿಗೆ ಸೂಟಿಯಲ್ಲಿ ಅವಳು ಎಲ್ಲವನ್ನೂ ಒಂದೇ ಆ್ಯಪಿಗೆ ತಂದಳು. ಹೊರಗಿನಿಂದ ಹರಿದು ಬರುವ ಸಿನಿಮಾ, ಒಳಗೆ ಕೂಡಿಟ್ಟ ಮದುವೆ, ಎರಡೂ ಒಂದೇ ಪರದೆಯ ಮೇಲೆ, ಒಂದೇ ಸಾಲಿನಲ್ಲಿ, ಒಂದೇ ರಿಮೋಟಿಗೆ ಬಗ್ಗುವಂತಾದವು. ಆ ಹೊಸ ರಿಮೋಟಿಗೂ ನಾನು ಅಂದೇ ಪ್ಲಾಸ್ಟಿಕ್ಕು ತೊಡಿಸಿದೆ ಎಂದು ಬೇರೆ ಹೇಳಬೇಕಿಲ್ಲ.

ಮೊದಮೊದಲು ತಮಾಷೆಯೇ ತಮಾಷೆ. ಈ ಆ್ಯಪಿಗೆ ಪ್ರತಿ ಫೈಲಿಗೂ ಒಂದು ಚಿತ್ರ ಅಂಟಿಸುವ ಚಟ. ನಮ್ಮ ಸೋದರಮಾವನ ಮದುವೆಗೆ ಅದು ಎಲ್ಲಿಂದಲೋ ಬಂದೂಕು ಹಿಡಿದ ನಾಯಕನೊಬ್ಬನನ್ನು ಹುಡುಕಿ ತಂದಿತು. ಬಾಯಿ ಬಿಟ್ಟರೆ ಉಗುಳು ಬೀಳೀತೇನೋ ಎಂಬಷ್ಟು ಸಂಕೋಚದ ನಮ್ಮ ಮಾವ ಆ ಚಿತ್ರದ ಹಿಂದೆ ಬಾಸಿಂಗ ಕಟ್ಟಿಕೊಂಡು ಅಕ್ಷತೆ ಹಾಕಿಸಿಕೊಳ್ಳುತ್ತಿದ್ದರು. ತಂಗಿಯ ಸೀಮಂತಕ್ಕೆ ದೆವ್ವದ ಸಿನಿಮಾದ ಚಿತ್ರ ಬಂದಾಗ ತಂಗಿಯ ಗಂಡ ಮಾತ್ರ, ಇದು ಸರಿಯಾಗೇ ಇದೆ, ಬದಲಿಸಬೇಡಿರಿ ಎಂದ.

ಕೂಡಿಸುವುದು ಸುಲಭವಲ್ಲ ಎಂದು ನಮ್ಮ ಊರಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಹುಬ್ಬಳ್ಳಿ, ಧಾರವಾಡ ಎಂಬೆರಡು ಊರುಗಳ ನಡುವೆ ಒಂದು ಗೀಟು ಎಳೆದು ಒಂದೇ ಹೆಸರು ಮಾಡಿ ಎಷ್ಟೋ ಕಾಲವಾಯಿತು. ಆದರೂ ಧಾರವಾಡದವನು ಹುಬ್ಬಳ್ಳಿಯ ಗಡಿಬಿಡಿಗೆ ಮೂಗು ಮುರಿಯುವುದನ್ನು ಬಿಟ್ಟಿಲ್ಲ, ಹುಬ್ಬಳ್ಳಿಯವನು ಧಾರವಾಡದ ಮಧ್ಯಾಹ್ನದ ನಿದ್ದೆಯನ್ನು ಆಡಿಕೊಳ್ಳುವುದನ್ನೂ ಬಿಟ್ಟಿಲ್ಲ. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ನೌಕರಿ ಮಾಡಿ, ಈಗ ಆ ಗೀಟಿನ ಮೇಲೆಯೇ ಮನೆ ಮಾಡಿಕೊಂಡ ನನಗೆ ಇಬ್ಬರ ಮಾತೂ ಖುಷಿ ಕೊಡುತ್ತದೆ. ಒಂದಾದ ಮೇಲೂ ಎರಡೂ ತಮ್ಮ ತಮ್ಮ ಸದ್ದನ್ನು ಉಳಿಸಿಕೊಂಡಿವೆ.

ಇನ್ನು ಅಪ್ಪನ ಕ್ಯಾಸೆಟ್ಟುಗಳ ಮಾತು. ಅದಕ್ಕಾಗಿ ನಿಮ್ಮನ್ನು ಧಾರವಾಡದ ಮಾಳಮಡ್ಡಿಯಲ್ಲಿದ್ದ ನಮ್ಮ ಹಳೆಯ ಮನೆಗೆ ಕರೆದೊಯ್ಯಬೇಕು. ನಾನು ಕಾಲೇಜಿಗೆ ಹೋಗುತ್ತಿದ್ದ ಆ ದಿನಗಳಲ್ಲಿ ಪ್ರತಿ ರವಿವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಹಾಡಿನ ಬೈಠಕ್ಕು. ಹಾಡುವವರು ಅಪ್ಪನ ಗೆಳೆಯರಾದ ದಿವಾಕರ ಮಾಸ್ತರರು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಅವರು ಯಾವ ದೊಡ್ಡ ಸಭೆಯಲ್ಲಿಯೂ ಹಾಡಿದವರಲ್ಲ, ಯಾವ ರೇಡಿಯೋಗೂ ಹೋದವರಲ್ಲ. ಆದರೆ ನಮ್ಮ ಜಮಖಾನೆಯ ಮೇಲೆ ಕೂತು ಭೀಮಪಲಾಸ್ ರಾಗ ಎತ್ತಿಕೊಂಡರೆ ಓಣಿಯ ಹಿರಿಯರೆಲ್ಲ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಅವರ ಹಾಡಿಗಾಗಿಯೇ ಅಪ್ಪ ಟೇಪ್‌ರೆಕಾರ್ಡರು ಕೊಂಡರು. ಕೊಂಡ ಮೇಲೆ ತಿಳಿದದ್ದೇನೆಂದರೆ, ಅದರ ವೈರು ಮುಟ್ಟುವಂಥ ಪ್ಲಗ್ಗು ಇಡೀ ಮನೆಯಲ್ಲಿ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಮಾತ್ರ ಇತ್ತು. ಹಾಗಾಗಿ ಪಡಸಾಲೆಯ ಗಾನವನ್ನು ಕೂಡಿಡಬೇಕಾದ ಯಂತ್ರ ಅಡುಗೆಮನೆಯ ಹೊಸ್ತಿಲಿಗೆ ಬಂದು ಕೂತಿತು.

ಆಮೇಲೆ ಆದದ್ದನ್ನು ನೀವೇ ಊಹಿಸಬಲ್ಲಿರಿ. ಟೇಪು ಹಾಕಿದರೆ ಮಾಸ್ತರರು ಎಲ್ಲೋ ಆಚೆ ಓಣಿಯಲ್ಲಿ ಹಾಡುತ್ತಿರುವಂತೆ, ನಮ್ಮ ಅವ್ವ ಮಾತ್ರ ಕಿವಿಯ ಪಕ್ಕದಲ್ಲೇ ಇರುವಂತೆ. ಸ್ಟೋವಿಗೆ ಪಂಪು ಹೊಡೆಯುವ ಸದ್ದು, ಸುಸಲಾಕ್ಕೆ ಚುರುಮರಿ ನೆನೆಹಾಕಿ ಹಿಂಡುವ ಸದ್ದು, ಒಗ್ಗರಣೆಗೆ ಸಾಸಿವೆ ಸಿಡಿದ ಸದ್ದು, ಅದರ ಹಿಂದೆ ಮಾಸ್ತರರ ತಾನಿನ ಏರಿಳಿತ. ನಡುವೆ ಸ್ಟೇಷನ್ನಿನ ಕಡೆಯಿಂದ ರೈಲಿನ ಸೀಟಿ. ಒಂದು ಚೀಜು, ಅಂದರೆ ಒಂದು ಹಾಡು, ಮುಗಿದು ತಬಲಾದ ಶ್ರುತಿ ಸರಿಮಾಡುವ ಹೊತ್ತಿಗೆ ಸರಿಯಾಗಿ ಅವ್ವನ ದನಿ ಬರುತ್ತಿತ್ತು: "ಚಹಾ ಇಡ್ಲೇನ್ರಿ?"

ಅದಕ್ಕೆ ಉತ್ತರ ಮಾತ್ರ ಯಾವ ಟೇಪಿನಲ್ಲಿಯೂ ಇಲ್ಲ. ಹಾಡಿನ ಗುಂಗಿನಲ್ಲಿದ್ದ ಅಪ್ಪ ಬಾಯಿ ಬಿಡದೆ, ತಿರುಗಿಯೂ ನೋಡದೆ, ಅಂಗೈ ಮಾತ್ರ ಎತ್ತುತ್ತಿದ್ದರು. ತಡಿ ಎಂದೋ, ಇಡು ಎಂದೋ, ಸುಮ್ಮನಿರು ಎಂದೋ, ಆ ಕೈಯ ಅರ್ಥವನ್ನು ಅವ್ವನೇ ಹೊಂದಿಸಿಕೊಳ್ಳಬೇಕಿತ್ತು. ಕೈ ಟೇಪಿಗೆ ಕೇಳಿಸುವುದಿಲ್ಲ. ಒಂದು ಚಣದ ಮೌನ, ಆಮೇಲೆ ಪಾತ್ರೆಯ ಮುಚ್ಚಳದ ಸದ್ದು, ಅಷ್ಟೇ. ಟೇಪು ಕೇಳಿದಾಗಲೆಲ್ಲ ಅಪ್ಪನದು ಒಂದೇ ಗೊಣಗಾಟ: "ಮಾಸ್ತರರನ್ನ ಹಿಡಿಲಿಕ್ಕೆ ಹೋದ್ರ ಅಡಗಿಮನಿನೇ ಸಿಕ್ಕೊಂಡದ." ಅವ್ವ ನಗುತ್ತಿದ್ದಳು. ಅವಳು ಹಾಡಿದವಳಲ್ಲ, ಫೋಟೋಕ್ಕೆ ನಿಲ್ಲು ಎಂದರೂ ಒದ್ದೆ ಕೈ ತೋರಿಸಿ ಒಳಗೆ ಓಡುತ್ತಿದ್ದವಳು. ಅವಳು ಹೋಗಿ ಬಹಳ ವರ್ಷಗಳಾದವು. ಈ ಕ್ಯಾಸೆಟ್ಟುಗಳಲ್ಲದೆ ಅವಳ ದನಿ ಇನ್ನೆಲ್ಲಿಯೂ ಉಳಿದಿಲ್ಲ.

ಕ್ಯಾಸೆಟ್ಟುಗಳೂ ಮುಪ್ಪಾಗಿದ್ದವು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಅವನ್ನು ಹಾರ್ಡ್‌ಡಿಸ್ಕಿಗೆ ಇಳಿಸುವಾಗ ಬೂಷ್ಟು ಹಿಡಿದ ರೀಲುಗಳು ಒಂದೊಂದಾಗಿ ಹರಿದು ಹೋದವು. ಉಳಿದದ್ದು ಫೈಲುಗಳಷ್ಟೇ. ಆ್ಯಪಿಗೆ ಸೇರಿಸುವ ಮುನ್ನ ವಿದ್ಯಾ, ತನ್ನ ಅಜ್ಜನ ಜೀವಮಾನದ ಗೊಣಗಾಟವನ್ನು ತೀರಿಸಿಯೇ ಬಿಡಬೇಕೆಂದು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಸೂಟಿಯ ಎಷ್ಟೋ ಮಧ್ಯಾಹ್ನಗಳನ್ನು ಅದಕ್ಕೇ ಕೊಟ್ಟಳು. ಸ್ಟೋವನ್ನು ಆರಿಸಿದಳು, ಸಾಸಿವೆಯನ್ನು ಸುಮ್ಮನಾಗಿಸಿದಳು, ರೈಲನ್ನು ಹಳಿಯಿಂದಲೇ ಎತ್ತಿಟ್ಟಳು, ಹಾಡುಗಳ ನಡುವಿನ ಮಾತುಕತೆಯನ್ನೆಲ್ಲ ಕತ್ತರಿಸಿ ತೆಗೆದಳು.

ಒಂದು ರವಿವಾರ ಬೆಳಿಗ್ಗೆ ನಾಷ್ಟಾ ಮುಗಿದ ಮೇಲೆ ಅಪ್ಪನನ್ನು ಟಿವಿಯ ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ನಮ್ಮ ಜೊತೆಗೇ ಇರುವ, ತೊಂಬತ್ತರ ಹತ್ತಿರದ ಅವರಿಗೆ ಕಣ್ಣು ಮಂಜು, ಆದರೆ ಕಿವಿ ಇನ್ನೂ ಧಾರವಾಡದ್ದು. ವಿದ್ಯಾ ಗುಂಡಿ ಒತ್ತಿದಳು. ಮಾಸ್ತರರು ಆಚೆ ಓಣಿಯಿಂದ ಎದ್ದು ಬಂದು ನಮ್ಮ ಸೋಫಾದ ಮೇಲೇ ಕೂತು ಹಾಡಿದಂತಾಯಿತು. ಸ್ವರದಿಂದ ಸ್ವರಕ್ಕೆ ಜಾರುವ ಇಷ್ಟು ನುಣುಪಾದ ಮೀಂಡು ಅವರ ಗಂಟಲಲ್ಲಿತ್ತೆಂಬುದೇ ನನಗೆ ಅಂದು ಗೊತ್ತಾದದ್ದು. ಅಪ್ಪ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದರು. ಒಂದು ಚೀಜು ಮುಗಿಯಿತು. ಬೆರಳು ನಿಂತಿತು. ಅವರು ತಲೆಯನ್ನು ಸ್ವಲ್ಪ ಓರೆ ಮಾಡಿ ಏನನ್ನೋ ಕಾದರು. ಸ್ಪೀಕರಿನಿಂದ ನೇರವಾಗಿ ಮುಂದಿನ ಚೀಜೇ ಶುರುವಾಯಿತು.

"ಆಕಿ ಎಲ್ಲೆ ಹೋದ್ಲು?" ಎಂದರು ಅಪ್ಪ.

"ಅಜ್ಜಾ, ಗದ್ದಲಾ ಎಲ್ಲಾ ತಗದೇನ್ರಿ. ಈಗ ಹಾಡಷ್ಟ ಅದ," ಎಂದು ವಿದ್ಯಾ ಹೆಮ್ಮೆಯಿಂದ ಹೇಳಿದಳು.

"ಛಲೋ ಮಾಡೀ ಅವ್ವಾ. ಖರೇನ ಛಲೋ ಮಾಡೀ," ಎಂದು ಅಪ್ಪ ಅವಳ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ, "ಆ ಗದ್ದಲಾ ಎಲ್ಲೆ ಇಟ್ಟೀರಿ?" ಎಂದು ಕೇಳಿದರು.

ವಿದ್ಯಾಳ ಮುಖ ಸಪ್ಪಗಾಯಿತು. ಡಿಸ್ಕು ತುಂಬಿದೆಯೆಂದು ಅವಳು ಬೇಡದ ಫೈಲುಗಳನ್ನು ಆ ವಾರವಷ್ಟೇ ಅಳಿಸಿದ್ದಳು; ಅವುಗಳ ಜೊತೆ ಇವೂ ಹೋದವೋ ಏನೋ ಅವಳಿಗೆ ನೆನಪಿರಲಿಲ್ಲ. ಆ್ಯಪಿನ ತುಂಬ ಹುಡುಕಿದಳು. ಪ್ರತಿ ಬೈಠಕ್ಕಿಗೂ ಒಂದೊಂದೇ ಚಿತ್ರ, ಒಂದೊಂದೇ ಫೈಲು, ಎಲ್ಲವೂ ತೊಳೆದಿಟ್ಟವು. ನಾನು ಬುಟ್ಟಿಯಲ್ಲಿದ್ದ ಹಳೆಯ ರಿಮೋಟುಗಳನ್ನು ಕಾರಣವಿಲ್ಲದೆ ಎತ್ತಿ ಎತ್ತಿ ಇಟ್ಟೆ. ಅವ್ವ ಎರಡನೆಯ ಸಲ ಹೋದಳು ಎನಿಸಿತು. ನಾವು ತಿಕ್ಕಿ ತೊಳೆದು ಚಂದ ಮಾಡುವುದು ಎಷ್ಟೋ ಸಲ ಹೀಗೆಯೇ. ಬೇಕಾದದ್ದನ್ನು ಉಳಿಸಿಕೊಳ್ಳುವ ಭರದಲ್ಲಿ, ಬೇಕಾಗಿತ್ತೆಂದು ಆಗ ಗೊತ್ತಿರದೇ ಇದ್ದದ್ದನ್ನು ಗುಡಿಸಿ ಹೊರಗೆ ಹಾಕಿರುತ್ತೇವೆ. ಆ ಹಳೆಯ ಮನೆಯಲ್ಲಿ ಹಾಡನ್ನೂ ಒಗ್ಗರಣೆಯನ್ನೂ ಯಾರೂ ಬೇರೆ ಬೇರೆ ಕೇಳಿದವರಲ್ಲ. ಎಲ್ಲವೂ ಒಂದೇ ಪಡಸಾಲೆಗೆ, ಒಂದೇ ಸಂಜೆಗೆ ಕೇಳುತ್ತಿದ್ದವು. ಎಲ್ಲವನ್ನೂ ಒಂದೆಡೆ ತರುತ್ತೇನೆಂದು ಹೊರಟ ಆ್ಯಪಿನಲ್ಲಿ ನಾವು ಮೊದಲು ಮಾಡಿದ ಕೆಲಸವೇ ಅವೆರಡನ್ನು ಅಗಲಿಸಿದ್ದು.

ಕಡೆಗೆ ಸಿಕ್ಕಿತು. ಒಂದೇ ಹೆಸರಿನ ಫೈಲು ಎರಡಿದ್ದರೆ ಈ ಆ್ಯಪು ಎರಡೂ ಒಂದೇ ಎಂದು ತಿಳಿದು, ಸದ್ದು ಚೊಕ್ಕಟವಾಗಿರುವುದನ್ನು ಮುಂದಿಟ್ಟು, ಇನ್ನೊಂದನ್ನು ಅದರ ಬೆನ್ನಿಗೆ ಅಡಗಿಸಿಡುತ್ತದಂತೆ. ಗುಂಡಿಯನ್ನು ಒತ್ತಿ ಹಿಡಿದಾಗ ಕೆಳಗೆ ಸಣ್ಣ ಅಕ್ಷರಗಳಲ್ಲಿ, ಬೇರೆ ಪ್ರತಿ ಇದೆ ಎಂಬ ಸಾಲು ಮೂಡಿತು. ವಿದ್ಯಾ ಅದನ್ನು ಒತ್ತಿ, ಕಣ್ಣೊರೆಸಿಕೊಂಡು ನನ್ನ ಪಕ್ಕ ಬಂದು ಕೂತಳು.

ಸ್ಟೋವು ಭುಸುಗುಟ್ಟಿತು. ಸಾಸಿವೆ ಸಿಡಿಯಿತು. ಮಾಸ್ತರರು ಮತ್ತೆ ಆಚೆ ಓಣಿಗೆ ಹೋಗಿ ಹಾಡತೊಡಗಿದರು. ಅಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ, ತೊಡೆಯ ಮೇಲೆ ಬೆರಳನ್ನೂ ಆಡಿಸಲಿಲ್ಲ. ಚೀಜು ಮುಗಿದು ತಬಲಾದ ಮೇಲೆ ಸುತ್ತಿಗೆಯ ಸಣ್ಣ ಪೆಟ್ಟುಗಳು ಬಿದ್ದವು. ಆಮೇಲೆ ನಮ್ಮ ಕಿವಿಯ ಪಕ್ಕದಲ್ಲೇ ಅವ್ವ ಕೇಳಿದಳು.

"ಚಹಾ ಇಡ್ಲೇನ್ರಿ?"

ಅಪ್ಪನ ಅಂಗೈ ಹಳೆಯ ರೂಢಿಯಂತೆ ತೊಡೆಯಿಂದ ಮೇಲೆದ್ದಿತು. ಅರ್ಧಕ್ಕೇ ನಿಂತು, ಇಳಿಯಿತು. ಆ ಒಂದು ಚಣದ ಮೌನದೊಳಗೆ ಅಪ್ಪ ಬಾಯಿ ಬಿಟ್ಟು ಹೇಳಿದರು.

"ಇಡು. ನೀನೂ ಬಂದು ಕೂಡು."

ಮುಚ್ಚಳದ ಸದ್ದಾಯಿತು. ಅದು ಟೇಪಿನದು. ಅದರ ಹಿಂದೆಯೇ ಇನ್ನೊಂದು ಪಾತ್ರೆಯ ಸದ್ದಾಯಿತು, ಅದು ನಮ್ಮದೇ ಅಡುಗೆಮನೆಯದು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ವತ್ಸಲಾ ಒಳಗೆ ಹೋಗಿ ಒಲೆ ಹಚ್ಚಿದ್ದಳು. ಮಾಸ್ತರರು ಮುಂದಿನ ಚೀಜು ಎತ್ತಿಕೊಂಡರು, ನಾವೆಲ್ಲರೂ ಒಟ್ಟಿಗೆ ಕೂತು ಚಹಾ ಕುಡಿದೆವು.

ಮರುದಿನ ನಾನು ಹೊಸ ರಿಮೋಟಿನ ರಬ್ಬರ್ ಬ್ಯಾಂಡು ಬಿಚ್ಚಿ, ಪ್ಲಾಸ್ಟಿಕ್ಕಿನ ಅಂಗಿಯನ್ನು ತೆಗೆದುಹಾಕಿದೆ. ಈಗ ಅದರ ಗುಂಡಿಗಳ ಮೇಲೆ ಅಪ್ಪ ಮೂಗಿಗೇರಿಸುವ ತಪಕೀರಿನ ಪುಡಿ ಕೂತಿದೆ, ಬೆನ್ನ ಮೇಲೆ ವತ್ಸಲಾಳ ಅರಿಷಿಣದ ಹೆಬ್ಬೆಟ್ಟು ಅಚ್ಚಾಗಿ ಮೂಡಿದೆ. ಒರೆಸಲೆಂದು ಒಮ್ಮೆ ಒದ್ದೆ ಅರಿವೆ ತಂದೆ. ರಿಮೋಟನ್ನು ಕೈಯಲ್ಲಿ ಹಿಡಿದು ನೋಡಿ, ಟೀಪಾಯಿಯನ್ನಷ್ಟೇ ಒರೆಸಿ, ಅದನ್ನು ಇದ್ದ ಹಾಗೆಯೇ ಇಟ್ಟೆ.