ನನ್ನ ಗಂಡ ಕರಾಟೆ ಕಳ್ಳನಾದದ್ದು

ಮದುವೆಯಾದ ಮೇಲೆ ನಾನು ದೊಡ್ಡಬಳ್ಳಾಪುರದ ಮನೆಯಲ್ಲೇ ಕೂತು ಕಾಮಿಕ್ಸ್‌ಗೆ ಚಿತ್ರ ಬರೆಯತೊಡಗಿದೆ. ಕೆಳಗೆ ಗಂಡನ ಪವರ್‌ಲೂಮ್‌ಗಳು ಇಡೀ ದಿನ ಬಡಿದುಕೊಳ್ಳುತ್ತಿದ್ದವು. ಮೇಲಿನ ಕೋಣೆಯಲ್ಲಿ ನಾನು ಟ್ಯಾಬ್ಲೆಟ್ ಹಿಡಿದು ಜನರನ್ನು ಬಡಿದಾಡಿಸುತ್ತಿದ್ದೆ. ಬೆಂಗಳೂರಿನ ಒಂದು ಸಣ್ಣ ಪ್ರಕಾಶನದವರು ಕಥೆ ಕಳಿಸುತ್ತಿದ್ದರು, ಚಿತ್ರ ನನ್ನದು.

ಹೋದ ವರ್ಷ ಬಂದ ಕಥೆಯ ನಾಯಕ ಒಂಥರಾ ಆಸಾಮಿ. ಕರಾಟೆಯಲ್ಲಿ ಪಳಗಿದವನು, ಆದರೆ ಗುರುವೇ ಹೊರಗೆ ಹಾಕಿದವನು. ಬೇರೆ ಸೂಪರ್‌ಹೀರೋಗಳು ಆಕಾಶದಲ್ಲಿ ಹಾರಿ ಬಂದು ಜನರನ್ನು ಕಾಪಾಡಿದರೆ, ಇವನು ಕಪ್ಪು ಮುಸುಕು ಹಾಕಿಕೊಂಡು ನಡೆದೇ ಬರುತ್ತಾನೆ. ದುಷ್ಟರ ಹಲ್ಲು ಉದುರಿಸುತ್ತಾನೆ. ಹೋಗುವಾಗ ಅವರು ಕದ್ದಿಟ್ಟ ಒಡವೆಯನ್ನು ತಾನೇ ಎತ್ತಿಕೊಂಡು ಹೋಗುತ್ತಾನೆ. ನನಗೆ ಅವನು ತುಂಬ ಹಿಡಿಸಿದ. ಅವನ ಒದೆ ಮಾತ್ರ ನನ್ನ ಕೈಗೆ ಹತ್ತಲಿಲ್ಲ.

ಸಂಪಾದಕರು ಫೋನ್ ಮಾಡಿ, “ಮೇಡಂ, ನಿಮ್ಮ ಹೀರೋ ಒದೀತಿಲ್ಲ, ಮೋರಿ ದಾಟ್ತಿದ್ದಾನೆ,” ಅಂದರು.

ಅವಮಾನವಾಯಿತು. ಗಂಡನನ್ನು ಮಗ್ಗದ ಹತ್ತಿರದಿಂದ ಎಬ್ಬಿಸಿ ತಾರಸಿಗೆ ಕರೆದುಕೊಂಡು ಹೋದೆ. ಮನುಷ್ಯ ಇರುವೆ ಸಾಲು ಕಂಡರೂ ಸುತ್ತಿ ಹೋಗುವವನು. ಬ್ಲೌಸಿನ ಲೈನಿಂಗ್ ಬಟ್ಟೆ ಹರಿದು ಅವನ ಮುಖಕ್ಕೆ ಮುಸುಕು ಕಟ್ಟಿದೆ. ಟ್ರ್ಯಾಕ್ ಪ್ಯಾಂಟು ಹಾಕಿಸಿದೆ. ನೋಡಿ ಬರೆಯಲು ಒದೆಯ ಫೋಟೋ ಬೇಕಲ್ಲ, ಮೊಬೈಲ್ ಹಿಡಿದು ನೆಲದ ಮೇಲೆ ಅಂಗಾತ ಮಲಗಿದೆ, ಕಾಲು ಎತ್ತರದಲ್ಲಿ ಕಾಣಲಿ ಅಂತ.

ಅವನು ಒದ್ದ. ಸಂಪಾದಕರು ಹೇಳಿದ್ದು ನಿಜ, ಥೇಟ್ ಮೋರಿ ದಾಟಿದ ಹಾಗೇ ಇತ್ತು.

“ಏನ್ರೀ ಇದು? ಜೋರಾಗಿ ಒದೀರಿ! ಕೋಪ ಎಲ್ಲಿ?”

“ಬರ್ತಿಲ್ಲ ಕಣೇ. ಯಾರ ಮೇಲೆ ಅಂತ ಬರ್ಬೇಕು?”

“ನನ್ನ ಮೇಲೆ ಬರಲಿ. ನನ್ನ ಮುಖ ನೋಡ್ಕೊಂಡು ಒದೀರಿ!”

ಪಕ್ಕದ ತಾರಸಿಯಲ್ಲಿ ಹಪ್ಪಳ ಒಣಹಾಕಲು ಬಂದಿದ್ದ ಅಜ್ಜಿಯನ್ನು ನಾವಿಬ್ಬರೂ ನೋಡಲಿಲ್ಲ. ಅವರು ನಮ್ಮನ್ನು ಚೆನ್ನಾಗಿ ನೋಡಿದರು. ಪಕ್ಕದ ಮನೆ ಸೊಸೆ ನೆಲಕ್ಕೆ ಬಿದ್ದಿದ್ದಾಳೆ, ಮುಸುಕು ಹಾಕಿಕೊಂಡ ಗಂಡ ಕಾಲೆತ್ತಿದ್ದಾನೆ. ನಮ್ಮದು ಪ್ರೀತಿಸಿ ಜಾತಿ ಬಿಟ್ಟು ಆದ ಮದುವೆ ಎಂಬುದು ಬೀದಿಗೆಲ್ಲ ಗೊತ್ತಿತ್ತು. ಅಜ್ಜಿ ಹಪ್ಪಳ ಅಲ್ಲೇ ಬಿಟ್ಟು ಕೆಳಗಿಳಿದು, ಜಡಿಗೇನಹಳ್ಳಿಯಲ್ಲಿದ್ದ ನನ್ನ ತಾಯಿಗೆ, ಹಿಂದೊಮ್ಮೆ ನಾನೇ ಕೊಟ್ಟಿದ್ದ ನಂಬರಿಗೆ, ಫೋನ್ ಮಾಡಿದರು.

ಇತ್ತ ನನ್ನ ಗಂಡನಿಗೆ ಕೊನೆಗೂ ಆವೇಶ ಬಂತು. ಆ ಒದೆ ನಿಜಕ್ಕೂ ಅದ್ಭುತವಾಗಿತ್ತು. ಕಾಲು ಕಿವಿಯವರೆಗೆ ಹೋಯಿತು. ಆದರೆ ಹೋದ ಕಾಲು ವಾಪಸು ಬರುವಾಗ ಸೊಂಟ ಕಟ್ ಅಂತು. ಅವನನ್ನು ಒಂದೊಂದೇ ಮೆಟ್ಟಿಲು ಇಳಿಸಿ, ನಡುಮನೆಯಲ್ಲಿ ಬೋರಲು ಮಲಗಿಸಿ, ನೀಲಗಿರಿ ಎಣ್ಣೆ ತಿಕ್ಕುತ್ತಿದ್ದೆ. ಎರಡು ಗಂಟೆ ಕಳೆದು ಮೂರನೇ ಸಲ ತಿಕ್ಕುವಾಗ ಬಾಗಿಲಲ್ಲಿ ಬೈಕು ನಿಂತಿತು.

ಅಪ್ಪ ಮತ್ತು ಅಣ್ಣ ಒಳಗೆ ನುಗ್ಗಿದರು, ಹಿಂದೆ ಅಜ್ಜಿ. ಅಪ್ಪನ ಮುಖ ಕೆಂಪಾಗಿತ್ತು. ದಾರಿಯುದ್ದಕ್ಕೂ ಏನೇನು ಮಾತಾಡಬೇಕೆಂದು ಜೋಡಿಸಿಕೊಂಡು ಬಂದಿದ್ದರು ಅಂತ ಕಾಣುತ್ತದೆ. ಆದರೆ ನೆಲದ ಮೇಲೆ ನರಳುತ್ತಿದ್ದ ಅಳಿಯನನ್ನೂ, ಅವನ ಬೆನ್ನ ಮೇಲೆ ಮಂಡಿಯೂರಿದ್ದ ನನ್ನನ್ನೂ ಕಂಡು ಅವರು ಅದನ್ನೆಲ್ಲ ಮರೆತರು.

“ಅಯ್ಯೋ, ನೀನೇ ಹೊಡ್ದಾಕ್ಬಿಟ್ಯಾ?” ಅಂದರು. ಗಾಬರಿಯ ಜೊತೆಗೆ ಸ್ವಲ್ಪ ಹೆಮ್ಮೆಯೂ ಇತ್ತು ಆ ದನಿಯಲ್ಲಿ.

ಅಣ್ಣ ಹತ್ತಿರ ಕೂತು, “ಭಾವ, ನೀವು ಹೆದರ್ಬೇಡಿ. ಏನಾಯ್ತು ಹೇಳಿ,” ಅಂದ.

“ಅವಳ್ದೇನೂ ತಪ್ಪಿಲ್ಲ,” ಎಂದು ನನ್ನ ಗಂಡ ಚಾಪೆಯೊಳಗೆ ಮುಖವಿಟ್ಟೇ ನರಳಿದ. ಅದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು.

ನಾನು ಟ್ಯಾಬ್ಲೆಟ್ ತಂದು ಚಿತ್ರಗಳನ್ನೆಲ್ಲ ತೋರಿಸಿದೆ. ಅಜ್ಜಿಗೆ ನಾಚಿಕೆಯಾಯಿತು. ಅಣ್ಣ ನಕ್ಕು ನಕ್ಕು ಗೋಡೆಗೆ ಒರಗಿದ. ಅದೇ ಹೊತ್ತಿಗೆ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿದ್ದ ನಮ್ಮತ್ತೆ ಪ್ರಸಾದ ಹಿಡಿದು ಒಳಬಂದರು. ಮಗನ ಸೊಂಟದ ವಿಷಯ ಕೇಳಿದ ಮೇಲೆ ಚಿತ್ರ ನೋಡಿದರು. ಮುಸುಕಿನ ಕೆಳಗೆ ನಾನು ಮೊದಲಿಂದಲೂ ಬರೆಯುತ್ತಿದ್ದದ್ದು ಗಂಡನ ಮೀಸೆಯನ್ನೇ, ಅದರ ಗುರುತು ಹಿಡಿಯಲು ಅವರಿಗೆ ಕ್ಷಣವೂ ಬೇಕಾಗಲಿಲ್ಲ.

“ಇವ್ನು ನಮ್ಮೋನಲ್ವಾ? ಕೈಯಲ್ಲಿ ಅದ್ಯಾರ ಸರ?”

“ಒಬ್ಬ ಅಜ್ಜೀದು, ಅತ್ತೆ. ರೌಡಿಗಳು ಕದ್ದಿದ್ರು, ಇವ್ನು ಅವ್ರನ್ನ ಹೊಡ್ದು ಎತ್ಕೊಂಡು ಹೋಗ್ತಾನೆ.”

“ಅಜ್ಜೀಗ್ ಕೊಡಲ್ವಾ?”

“ಇಲ್ಲ. ಅವ್ನು ಅಂಥೋನೇ.”

“ನನ್ನ ಮಗನ್ನ ಕಳ್ಳನ್ನ ಮಾಡಿದ್ಯಲ್ಲೇ!”

“ಹಾಗಲ್ಲ ಅತ್ತೆ, ಅವ್ನು ಪೂರ್ತಿ ಕೆಟ್ಟವ್ನೂ ಅಲ್ಲ, ಪೂರ್ತಿ ಒಳ್ಳೆಯವ್ನೂ ಅಲ್ಲ.”

“ಹಂಗಾದ್ರೆ ನಮ್ ಯಜಮಾನ್ರ ಥರ,” ಎಂದು ಪಕ್ಕದ ಅಜ್ಜಿ ತಲೆಯಾಡಿಸಿದರು. ಅವರಿಗೆ ಕಥೆ ಪೂರ್ತಿ ಅರ್ಥವಾಗಿತ್ತು.

ಅತ್ತೆಗೆ ಸಮಾಧಾನವಾಗಲಿಲ್ಲ. ಸರ ವಾಪಸು ಕೊಡದಿದ್ದರೆ ಮಗನ ಮುಖ ತೆಗೆದುಹಾಕಬೇಕು ಅಂದರು. ಮಾರನೆಯ ದಿನ ನಾನು ಸಂಪಾದಕರಿಗೆ ಫೋನ್ ಮಾಡಿದಾಗ ಅತ್ತೆಯೇ ಮೊಬೈಲ್ ಕಸಿದುಕೊಂಡು, “ಏನಪ್ಪಾ, ವಯಸ್ಸಾದೋಳ ಸರ ಕದ್ರೆ ಓದೋರು ಸುಮ್ನಿರ್ತಾರಾ?” ಎಂದು ಕೇಳಿದರು. ಸಂಪಾದಕರು ಬಹಳ ಹೊತ್ತು ವಾದಿಸಿ ಸೋತರು. ಕೊನೆಗೆ ಒಪ್ಪಂದವಾಯಿತು: ಸರ ಕೊಡುತ್ತಾನೆ, ಆದರೆ ಪುಕ್ಕಟೆಯಾಗಿ ಅಲ್ಲ. ಅಜ್ಜಿಯ ಮನೆಯಲ್ಲಿ ಕೂತು ಸಾರುಮುದ್ದೆ ಹೊಡೆದು, ಸಾರಿಗೆ ಉಪ್ಪು ಕಮ್ಮಿ ಎಂದು ಗೊಣಗಿ, ಆಮೇಲೆ ಜೇಬಿನಿಂದ ಸರ ತೆಗೆದು ತಟ್ಟೆ ಪಕ್ಕ ಇಟ್ಟು ಹೋಗುತ್ತಾನೆ. ನಾನು ಬರೆದ ಪುಟಗಳಲ್ಲಿ ಓದುಗರು ಹೆಚ್ಚು ಮೆಚ್ಚಿದ್ದು ಅದನ್ನೇ. ಸಂಪಾದಕರು ಈಗ ಅದು ತಮ್ಮದೇ ಐಡಿಯಾ ಅನ್ನುತ್ತಾರೆ. ಅತ್ತೆಗೆ ಇದನ್ನು ನಾನಿನ್ನೂ ಹೇಳಿಲ್ಲ.

ಏಟು ತಿನ್ನುವ ರೌಡಿಗಳ ಚಿತ್ರಕ್ಕೂ ಮಾದರಿ ಬೇಕಿತ್ತು. ಅಣ್ಣ ರಜೆ ಹಾಕಿ ಬಂದು ಖುಷಿಯಾಗಿ ತಾರಸಿಯಲ್ಲಿ ಬಿದ್ದು ಹೊರಳಾಡಿದ. ಅಪ್ಪ ಮಾತ್ರ ಬೀಳಲು ಒಪ್ಪಲಿಲ್ಲ. ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುವ ರೌಡಿಗಳ ಯಜಮಾನನಾಗುತ್ತೇನೆ ಅಂದರು, ಹೆಗಲ ಮೇಲೆ ಟವೆಲ್ ಸರಿಮಾಡಿಕೊಂಡು ಗಂಭೀರವಾಗಿ ಕೂತರು. ಪುಸ್ತಕ ಬಂದ ಮೇಲೆ ಒಂದು ಪ್ರತಿಯನ್ನು ಜಡಿಗೇನಹಳ್ಳಿಯ ಹಾಲಿನ ಡೈರಿಗೆ ಒಯ್ದು, ಕ್ಯಾನು ಹಿಡಿದು ನಿಂತವರಿಗೆಲ್ಲ ತೋರಿಸಿದರಂತೆ.

“ಇದು ನಾನು, ಇವ್ನು ನಮ್ ಹುಡ್ಗ. ಈ ಕಳ್ಳ ನಮ್ಮಳಿಯ,” ಅಂದರಂತೆ.

ನಮ್ಮ ಮದುವೆಗೆ ಬಾರದೆ ಉಳಿದಿದ್ದ ಅಪ್ಪ, ಹತ್ತು ಜನರ ಮುಂದೆ ಅವನನ್ನು ಅಳಿಯ ಎಂದು ಕರೆದದ್ದು ಅದೇ ಮೊದಲು. ಅಮ್ಮ ಫೋನಿನಲ್ಲಿ ಅದನ್ನು ಹೇಳಿದಾಗ ನನ್ನ ಗಂಡ ಊಟ ಮಾಡುತ್ತಿದ್ದ. ಇನ್ನೊಂದು ಮುದ್ದೆ ಹಾಕಿಸಿಕೊಂಡ.